ಮಿತವ್ಯಯದಲ್ಲಿ ಕಾರಿನ ಟಯರು

ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆಗಾಲದ ನೀರನ್ನು ಬದಿಗೊತ್ತಿ ಚಕ್ರಕ್ಕೆ ಹಿಡಿತ ಕೊಡುವುದು ಟಯರಿನ ಮೇಲಿನ ಗೀರುಗಳು. ಅವುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟಯರನ್ನು ಬದಲಿಸತಕ್ಕದ್ದು. ಗೀರಿನೊಳಗಿನ ಸಣ್ಣ ಉಬ್ಬು ಮೇಲ್ಮೈಗೆ ಸಮನಾಗುವುದೇ ಇದರ ಗುರುತು.

ಕೊಳ್ಳುವವರು ಮೊದಲು ಅಳತೆಯನ್ನು ನೋಡಬೇಕು. 165/80 ಆರ್ 14 ಎಂದರೆ ಅಗಲ 165 ಮಿಲಿಮೀಟರು, ಪಕ್ಕದ ಎತ್ತರ ಅಗಲದ ಶೇಕಡಾ 80, ರಿಮ್ಮಿನ ವ್ಯಾಸ 14 ಅಂಗುಲ. ಅನಂತರ ವಯಸ್ಸು: 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದುದು.

ಎರಡಕ್ಕೆ ಮಾತ್ರ ಹಣವಿದ್ದರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸುವುದು ಲೇಸು. ನೀರಿನಲ್ಲಿ ಹಿಂಬದಿ ಜಾರಿದರೆ ಕಾರನ್ನು ಹತೋಟಿಗೆ ತರುವುದು ಬಹು ಕಷ್ಟ. ಸವೆದ ಟಯರನ್ನು ಅಗ್ಗವೆಂದು ಕೊಂಡವರು ಬೇಗನೆ ಮತ್ತೊಮ್ಮೆ ಹಣ ತೆರಬೇಕಾಗುವುದು.