ನೀಲಿ ಬೆಳಕಿನ ಪುಡಿ

ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ ಗೊಯಾನಿಯಾ ಎಂಬ ನಗರವಿದೆ. ಅಲ್ಲಿನ ಖಾಸಗಿ ಚಿಕಿತ್ಸಾಲಯವೊಂದು 1985ರ ಕೊನೆಯಲ್ಲಿ ಬೇರೆ ಕಟ್ಟಡಕ್ಕೆ ಹೋಯಿತು. ಹೋಗುವಾಗ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವೊಂದನ್ನು ಹಳೆಯ ಕಟ್ಟಡದಲ್ಲಿಯೇ ಬಿಟ್ಟಿತು. ಅಧಿಕಾರಿಗಳಿಗೆ ತಿಳಿಸಲೂ ಇಲ್ಲ. ಆ ಯಂತ್ರದ ಒಡಲಿನಲ್ಲಿ ಸೀಸಿಯಂ-137 ಎಂಬ ವಿಕಿರಣಶೀಲ ಧಾತುವಿನ ಲವಣವಿತ್ತು. ಅದರ ತೂಕ ನೂರು ಗ್ರಾಮಿಗಿಂತಲೂ ಕಡಿಮೆ.

1987ರ ಸೆಪ್ಟೆಂಬರ್ 13ರಂದು ಇಬ್ಬರು ಬಡವರು ಪಾಳುಬಿದ್ದ ಆ ಕಟ್ಟಡವನ್ನು ಹೊಕ್ಕು, ಹಳೆಯ ಲೋಹಕ್ಕೆ ನಾಲ್ಕು ಕಾಸು ಸಿಕ್ಕೀತೆಂದು ಯಂತ್ರದ ಭಾಗವನ್ನು ಕಿತ್ತು ತಂದರು. ಅದು ಗುಜರಿ ಅಂಗಡಿಯವನ ಕೈಸೇರಿತು. ರಾತ್ರಿ ಕತ್ತಲಲ್ಲಿ ಅದರಿಂದ ಸೊಗಸಾದ ನೀಲಿ ಬೆಳಕು ಹೊಮ್ಮುತ್ತಿದ್ದುದನ್ನು ಕಂಡು ಅವನು ಬೆರಗಾದನು. ನೆಂಟರಿಷ್ಟರನ್ನು ಕರೆದು ತೋರಿಸಿದನು. ಚಿಟಿಕೆ ಚಿಟಿಕೆಯಾಗಿ ಹಂಚಿದನು. ಕೆಲವರು ಆ ಪುಡಿಯನ್ನು ಮೈಗೂ ಬಳಿದುಕೊಂಡರು. ಆರು ವರ್ಷದ ಒಬ್ಬ ಬಾಲೆ ಅದರೊಡನೆ ಆಡಿ, ಅದೇ ಕೈಯಿಂದ ಊಟ ಮಾಡಿದಳು.

ಕೆಲವೇ ದಿನಗಳಲ್ಲಿ ಮನೆಮನೆಯಲ್ಲಿ ವಾಂತಿ, ಭೇದಿ, ಚರ್ಮದ ಮೇಲೆ ಸುಟ್ಟಂಥ ಗಾಯಗಳು ಕಾಣಿಸಿಕೊಂಡವು. ವೈದ್ಯರು ಆಹಾರದೋಷವೆಂದರು, ಉಷ್ಣವಲಯದ ಯಾವುದೋ ರೋಗವೆಂದರು. ಈ ಎಲ್ಲಕ್ಕೂ ಆ ಪುಡಿಯೇ ಮೂಲವೆಂದು ಮೊದಲು ಶಂಕಿಸಿದವಳು ಗುಜರಿ ಅಂಗಡಿಯವನ ಹೆಂಡತಿ. ಸೆಪ್ಟೆಂಬರ್ 28ರಂದು ಅವಳು ಅದರ ಉಳಿಕೆಯನ್ನು ಚೀಲದಲ್ಲಿ ತುಂಬಿಸಿ, ಅಂಗಡಿಯ ಆಳೊಬ್ಬನೊಡನೆ ಬಸ್ಸಿನಲ್ಲಿ ನಗರದ ಆರೋಗ್ಯ ಕಚೇರಿಗೆ ಹೋಗಿ, ಇದು ನಮ್ಮವರನ್ನು ಕೊಲ್ಲುತ್ತಿದೆಯೆಂದು ವೈದ್ಯರ ಮುಂದಿಟ್ಟಳು. ಅಣುವಿಜ್ಞಾನದ ಗಂಧವೂ ಇಲ್ಲದ ಆ ಹೆಂಗಸಿಗೆ ನೆನಪಾದದ್ದು ಆರೋಗ್ಯ ಕಚೇರಿಯ ಬಾಗಿಲು ಎಂಬುದು ಗಮನಾರ್ಹ. ವೈದ್ಯರು ಚೀಲವನ್ನು ಅಂಗಳದ ಕುರ್ಚಿಯೊಂದರ ಮೇಲೆ ದೂರವಿರಿಸಿದರು. ಅಷ್ಟರಲ್ಲಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರಿಗೂ ಆ ಗಾಯಗಳು ವಿಕಿರಣದವೇ ಎಂಬ ಸಂದೇಹ ಹುಟ್ಟಿತು.

ಮರುದಿನ ಭೌತವಿಜ್ಞಾನಿಯೊಬ್ಬರು ಭೂಗರ್ಭ ಶೋಧನೆಗೆಂದಿದ್ದ ವಿಕಿರಣಮಾಪಕವನ್ನು ಎರವಲು ತಂದರು. ಕಚೇರಿ ಇನ್ನೂ ದೂರವಿರುವಾಗಲೇ ಮಾಪಕದ ಮುಳ್ಳು ಕೊನೆಯ ಅಂಕಿಗೆ ಹಾರಿತು. ಉಪಕರಣ ಕೆಟ್ಟಿದೆಯೆಂದು ತಿಳಿದು ಅವರು ಹಿಂದಿರುಗಿ ಬೇರೊಂದನ್ನು ತಂದರು. ಅದೂ ಹಾಗೆಯೇ ಮಾಡಿತು! ಅಗ್ನಿಶಾಮಕ ದಳದವರು ಚೀಲವನ್ನು ನದಿಗೆ ಎಸೆಯಲು ಹೊರಟಿದ್ದರು. ಭೌತವಿಜ್ಞಾನಿ ತಕ್ಕ ಸಮಯಕ್ಕೆ ಬಂದು ತಡೆದರು.

ಅನಂತರದ ಕಾರ್ಯ ಬಹುಮಟ್ಟಿಗೆ ಸಾರ್ವಜನಿಕ ಆರೋಗ್ಯದ ಕಾರ್ಯ. ನಗರದ ಕ್ರೀಡಾಂಗಣಕ್ಕೆ ಜನರನ್ನು ಕರೆಸಿ, ಒಬ್ಬೊಬ್ಬರನ್ನೂ ಮಾಪಕದಿಂದ ಪರೀಕ್ಷಿಸಲಾಯಿತು. ಹೀಗೆ ಪರೀಕ್ಷೆಗೊಳಗಾದವರು 1,12,000ಕ್ಕೂ ಹೆಚ್ಚು. ಮೈಯಲ್ಲೋ ಬಟ್ಟೆಯಲ್ಲೋ ಒಡಲಲ್ಲೋ ಸೀಸಿಯಂ ಸಿಕ್ಕಿದ್ದು 249 ಮಂದಿಯಲ್ಲಿ ಮಾತ್ರ. ಬಟ್ಟೆ ತೆಗೆಸಿ, ಸಾಬೂನು ನೀರಿನಿಂದ ಮೈತೊಳೆಸುವುದೇ ಮೊದಲ ಚಿಕಿತ್ಸೆಯಾಯಿತು. ಒಡಲೊಳಗೆ ಸೇರಿದವರಿಗೆ ಕೊಟ್ಟ ಔಷಧವೂ ನೀಲಿ ಬಣ್ಣದ್ದೇ. ಚಿತ್ರಕಾರರು ಬಳಸುವ ಪ್ರಷ್ಯನ್ ನೀಲಿಯು ಕರುಳಿನಲ್ಲಿ ಸೀಸಿಯಮನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ.

ಎಲ್ಲ ವಿಕಿರಣ ಅಪಘಾತಕ್ಕೂ ಒಂದೇ ಮದ್ದು ನಡೆಯದು. 1986ರಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಪೋಲೆಂಡ್ ಸರಕಾರ ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿತು. ಗಾಳಿಯಲ್ಲಿ ಬಂದ ವಿಕಿರಣಶೀಲ ಅಯೋಡಿನ್ ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ನೆಲೆಸದಂತೆ ಅದು ಮೊದಲೇ ಜಾಗ ತುಂಬುತ್ತದೆ. ಗೊಯಾನಿಯಾದ ಸೀಸಿಯಮಿಗೆ ಅದರಿಂದ ಏನೂ ಪ್ರಯೋಜನವಾಗುತ್ತಿರಲಿಲ್ಲ. ಆದ್ದರಿಂದಲೇ ಯಾವ ವಸ್ತು ಚೆಲ್ಲಿದೆಯೆಂದು ಗುರುತಿಸುವವರು, ಮದ್ದಿನ ದಾಸ್ತಾನು, ಯಾರಿಗೆ ಸುದ್ದಿ ಮುಟ್ಟಿಸಬೇಕೆಂಬ ತಿಳಿವಳಿಕೆ, ಇವೆಲ್ಲ ಅಪಘಾತಕ್ಕೆ ಮೊದಲೇ ಸಿದ್ಧವಿರಬೇಕು.

ಗೊಯಾನಿಯಾದಲ್ಲಿ ಆ ಬಾಲೆಯೂ, ಚೀಲ ಹೊತ್ತು ಹೋದ ತಾಯಿಯೂ ಸೇರಿ ನಾಲ್ವರು ತೀರಿಕೊಂಡರು. ಬಾಲೆಯನ್ನು ಸೀಸದ ಹೊದಿಕೆಯ ಪೆಟ್ಟಿಗೆಯಲ್ಲಿ ಹೂಳಲು ಒಯ್ದಾಗ, ನಮ್ಮ ನೆಲ ಕೆಡುತ್ತದೆಂದು ಜನ ಕಲ್ಲು ತೂರಿದರು. ಗೊಯಾಸ್ ರಾಜ್ಯದ ಬೆಳೆಗಳನ್ನು ಕೊಳ್ಳುವವರಿಲ್ಲವಾದರು. ಈ ಭಯಕ್ಕೆ ಅಜ್ಞಾನವೇ ಕಾರಣ. ಬಿಸಿಲಿನಲ್ಲಿ ನಿಂತವನ ಮೈ ಕಂದಬಹುದು, ಆದರೆ ಅವನ ಮೈಯಿಂದ ಬಿಸಿಲು ಹೊರಡುವುದಿಲ್ಲ. ಹಾಗೆಯೇ ಹೊರಗಿನಿಂದ ಕಿರಣ ತಗುಲಿದವನು ಇತರರಿಗೆ ಅಪಾಯಕಾರಿಯಲ್ಲ. ಪುಡಿ ಮೆತ್ತಿಕೊಂಡವನ ಸಂಗತಿ ಬೇರೆ. ಅವನನ್ನು ತೊಳೆಯಬೇಕು, ದೂಡಬಾರದು. ಇದನ್ನು ಜನಕ್ಕೆ ತಿಳಿಯಹೇಳುವುದು ಮದ್ದು ಕೊಡುವುದಕ್ಕಿಂತ ಕಠಿನವಾಯಿತೆಂದೇ ತೋರುತ್ತದೆ.

ಇಂಥದು ನಮ್ಮ ದೇಶದಲ್ಲಿಯೂ ನಡೆದಿದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್-60 ಇದ್ದ ಹಳೆಯ ಉಪಕರಣವೊಂದು ಹರಾಜಿನಲ್ಲಿ ಬಂದು, ಒಬ್ಬನ ಪ್ರಾಣ ತೆಗೆಯಿತು.

ಹಳದಿ ಹಿನ್ನೆಲೆಯ ಮೂರು ದಳಗಳ ವಿಕಿರಣ ಚಿಹ್ನೆಯನ್ನು ಕಂಡರೂ ಅದರ ಅರ್ಥ ಅರಿಯದವರು ಬಹಳ. ಅದಕ್ಕಾಗಿ 2007ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತೊಂದು ಚಿಹ್ನೆಯನ್ನು ಬಳಕೆಗೆ ತಂದಿತು. ಕೆಂಪು ತ್ರಿಕೋನದಲ್ಲಿ ಕಿರಣಗಳು, ತಲೆಬುರುಡೆ, ಓಡುತ್ತಿರುವ ಮನುಷ್ಯ ಇವೆ. ಭಾರತವೂ ಸೇರಿ 11 ದೇಶಗಳ 1650 ಜನರಿಗೆ ತೋರಿಸಿ, ಅರ್ಥವಾಗುವುದೆಂದು ಖಚಿತಪಡಿಸಿಕೊಂಡ ಚಿತ್ರವದು. ಅದನ್ನು ಅಂಟಿಸುವುದು ಯಂತ್ರದ ಹೊರಮೈಗಲ್ಲ, ಒಳಗೆ. ಯಾರಾದರೂ ಯಂತ್ರವನ್ನು ಬಿಚ್ಚತೊಡಗಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.