ಒಂದು ಕಂಪ್ಯೂಟರಿಗೆ ಎರಡು ಮೂರು ಮಾನಿಟರು: ಗ್ರಾಫಿಕ್ಸ್ ಕಾರ್ಡು ಆರಿಸುವ ಬಗೆ



ಹಾಜರಿ ಪುಸ್ತಕ ಒಂದು ಮಾನಿಟರಿನಲ್ಲಿ, ಸಂಬಳದ ಪಟ್ಟಿ ಇನ್ನೊಂದರಲ್ಲಿ ತೆರೆದಿದ್ದರೆ ಗುಮಾಸ್ತನ ಕೆಲಸ ಎಷ್ಟು ಹಗುರವೆಂಬುದನ್ನು ಕಚೇರಿಯಲ್ಲಿ ದುಡಿಯುವ ನಮ್ಮವರಿಗೆ ಹೇಳಬೇಕಾಗಿಲ್ಲ. ಸಂಜೆ ಮನೆಯಲ್ಲಿ ಲೆಕ್ಕ ಬರೆದು ನಾಲ್ಕು ಕಾಸು ಗಳಿಸುವವರಿಗೂ ಇದೇ ಆಸೆ. ಆದರೆ ಅಂಗಡಿಗೆ ಹೋದೊಡನೆ, "ಇದಕ್ಕೆ ದೊಡ್ಡ ಕಾರ್ಡೇ ಬೇಕು" ಎನ್ನುತ್ತಾರೆ. ನಾನೂ ಆ ಮಾತು ನಂಬಿ, ಸುಮಾರು ಒಂದು ತಿಂಗಳ ಸಂಬಳ ತೆತ್ತು, ಆಟದ ಕಾರ್ಡೊಂದನ್ನು ತಂದೆ. ನನ್ನ ಸಣ್ಣ ಪೆಟ್ಟಿಗೆಯಲ್ಲಿ ಅದು ಕೂರಲೇ ಇಲ್ಲ. ಅಂಗಡಿಯವರು ಮರಳಿ ಪಡೆಯಲಿಲ್ಲ. ಆ ನಷ್ಟ ಇನ್ನೊಬ್ಬರಿಗೆ ಬಾರದಿರಲೆಂದು ಈ ಪಾಠ.

ಮೊದಲನೆಯದಾಗಿ, ಕಾರ್ಡಿನ ಬಲ ಬೇರೆ, ಅದು ಎಷ್ಟು ಮಾನಿಟರು ನಡೆಸುತ್ತದೆಂಬುದು ಬೇರೆ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಚುಕ್ಕಿಗಳು. ಚುಕ್ಕಿಗೆ 4 ಬೈಟಿನಂತೆ ಒಂದು ಚಿತ್ರಕ್ಕೆ ಸುಮಾರು 8 ಎಂಬಿ; ಮೂರು ಮಾನಿಟರಿಗೆ 25 ಎಂಬಿ. ತೆರೆದಿಟ್ಟ ಕಡತಗಳಿಗೆ ಇನ್ನಷ್ಟು ಬೇಕಾದರೂ, ಬರಹ ಮತ್ತು ಲೆಕ್ಕದ ಕೆಲಸಕ್ಕೆ 2 ಜಿಬಿಯ ಕಾರ್ಡು ಧಾರಾಳ. ದೊಡ್ಡ ಬಲ ಬೇಕಾಗುವುದು ಆಟಕ್ಕೆ, ವೀಡಿಯೋ ಕೆಲಸಕ್ಕೆ.

ಎರಡನೆಯದಾಗಿ, ಇರುವುದನ್ನು ನೋಡಿಕೊಳ್ಳಿ. 2012ರಲ್ಲಿ ಬಂದ ಮೂರನೆಯ ಪೀಳಿಗೆಯಿಂದೀಚೆಗೆ ಇಂಟೆಲ್ ಕೋರ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸೇ ಸಾಮಾನ್ಯವಾಗಿ ಮೂರು ಮಾನಿಟರು ನಡೆಸಬಲ್ಲದು. ಮದರ್‌ಬೋರ್ಡಿನಲ್ಲಿ ಅಷ್ಟು ಪೋರ್ಟುಗಳು ಇರಬೇಕು, ಅಷ್ಟೆ. ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಿಂದ ಮುಗಿದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದು ತಿಳಿಯಿರಿ. ಎಎಂಡಿಯ ರೈಜನ್ 5000ರ ಸಾಲಿನಲ್ಲಿ 'ಜಿ' ಇದ್ದರೆ ಮಾತ್ರ ಅದು ಇರುತ್ತದೆ. ತಿಳಿದವರೊಬ್ಬರು ನನ್ನ ಪೆಟ್ಟಿಗೆಯ ಬೆನ್ನು ತಿರುಗಿಸಿ ತೋರಿಸಿದರು: ಎರಡು ಪೋರ್ಟುಗಳು ಮೊದಲೇ ಇದ್ದವು! ನನಗೆ ಬೇಕಾಗಿದ್ದುದು ಒಂದು ಕೇಬಲ್ ಮಾತ್ರ.

ಮೂರನೆಯದಾಗಿ, ಕಾರ್ಡು ಕೊಳ್ಳಲೇಬೇಕಾದರೆ ಎಷ್ಟು ಮಾನಿಟರು ಒಟ್ಟಿಗೆ ಉರಿಯುತ್ತವೆಂದು ಕೇಳಿ. ಎನ್ವಿಡಿಯಾದ ಜಿಟಿ 1030 ಎರಡನ್ನೇ ನಡೆಸುತ್ತದೆ. ಅದೇ ಕಂಪನಿಯ ಕ್ವಾಡ್ರೋ ಪಿ620 ಚಿಕ್ಕ ಕಾರ್ಡಾದರೂ ನಾಲ್ಕು ಮಿನಿ ಡಿಸ್‌ಪ್ಲೇಪೋರ್ಟುಗಳಿಂದ ನಾಲ್ಕನ್ನು ನಡೆಸುತ್ತದೆ. ಅದಕ್ಕೆ ಸುಮಾರು 40 ವಾಟ್ ಸಾಕು. ಮದರ್‌ಬೋರ್ಡಿನ ಸ್ಲಾಟು 75 ವಾಟ್‌ವರೆಗೆ ಕೊಡುತ್ತದೆ. ಅದಕ್ಕಿಂತ ಹೆಚ್ಚು ತಿನ್ನುವ ಕಾರ್ಡಿಗೆ ಪವರ್ ಸಪ್ಲೈನಿಂದ ಬೇರೆ ತಂತಿ ಬೇಕು. ಹಳೆಯ ಕಚೇರಿ ಯಂತ್ರಗಳಲ್ಲಿ ಅದು ಅನೇಕ ವೇಳೆ ಇರುವುದಿಲ್ಲ. ಪೆಟ್ಟಿಗೆ ತೆಳ್ಳಗಿದ್ದರೆ ಗಿಡ್ಡ ಪಟ್ಟಿಯ 'ಲೋ ಪ್ರೊಫೈಲ್' ಕಾರ್ಡನ್ನೇ ಕೇಳಬೇಕು.

ನಾಲ್ಕನೆಯದಾಗಿ, ಕೇಬಲ್ಲಿನ ವಿಚಾರ. ಅಗ್ಗದ ಎಚ್‌ಡಿಎಂಐ ಸ್ಪ್ಲಿಟರಿನಿಂದ ಎರಡೂ ಮಾನಿಟರಿನಲ್ಲಿ ಒಂದೇ ಚಿತ್ರ ಬರುತ್ತದೆ. ಬೇರೆ ಬೇರೆ ಕಡತ ಬಾರದು. ಕಾರ್ಡಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಸಾಮಾನ್ಯವಾಗಿ ಸಾದಾ ಅಡಾಪ್ಟರು ಸಾಕು. ಅದರ ವಿರುದ್ಧ ದಿಕ್ಕಿಗೆ ಅದು ನಡೆಯದು. ಸಂಕೇತವನ್ನು ಬದಲಿಸುವ ದುಬಾರಿ ಸಾಧನ ಬೇಕು. 4ಕೆ ಮಾನಿಟರಿದ್ದರೆ ಎಚ್‌ಡಿಎಂಐ 1.4 ಸೆಕೆಂಡಿಗೆ 30 ಚಿತ್ರಗಳನ್ನೇ ಕಳಿಸುತ್ತದೆ, ಮೌಸು ತಡವರಿಸಿದಂತೆ ಕಾಣುತ್ತದೆ. 60ಕ್ಕೆ ಎಚ್‌ಡಿಎಂಐ 2.0 ಬೇಕು.

ಲ್ಯಾಮಿಂಗ್ಟನ್ ರಸ್ತೆಗಾಗಲಿ ನೆಹರು ಪ್ಲೇಸಿಗಾಗಲಿ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಳ್ಳಿ: ಮಾನಿಟರುಗಳೆಷ್ಟು, ಅವುಗಳ ಹಿಂದಿನ ಪೋರ್ಟು ಯಾವುದು, ಪ್ರೊಸೆಸರಿನ ಪೂರ್ಣ ಹೆಸರೇನು, ಪೆಟ್ಟಿಗೆಯೊಳಗೆ ಎಷ್ಟು ಜಾಗ, ಪವರ್ ಸಪ್ಲೈ ಎಷ್ಟು ವಾಟ್. ಚೀಟಿ ಕೈಯಲ್ಲಿದ್ದವನಿಗೆ ಬೇಡದ್ದನ್ನು ಮಾರುವುದು ಕಷ್ಟ. ಬರೆಯಲು ತಿಳಿಯದಿದ್ದರೆ ಪೆಟ್ಟಿಗೆಯ ಬೆನ್ನಿನ ಫೋಟೋ ತೆಗೆದುಕೊಂಡು ಭಾನುವಾರ ವಾಚನಾಲಯಕ್ಕೆ ಬನ್ನಿ. ಒಟ್ಟಿಗೆ ಕೂತು ಬರೆಯೋಣ. ಬೆವರು ಸುರಿಸಿ ಗಳಿಸಿದ ಹಣವನ್ನು ಖರ್ಚು ಮಾಡುವ ಮುನ್ನ ಅರ್ಧ ಗಂಟೆಯ ವಿಚಾರ ಹೆಚ್ಚಲ್ಲ.