ಪಿಯಾನೋದ ಕೀಲಿಮಣೆಯೂ ನಮ್ಮ ಪೇಟಿಯ ಗಾಂಧಾರವೂ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಪಿಯಾನೋವನ್ನು ಕಣ್ಣಾರೆ ಕಂಡವರು ವಿರಳ. ಆದರೆ ಅದರ ಕೀಲಿಮಣೆಯನ್ನು ಕಾಣದವರು ಇರಲಾರರು. ಭಜನೆಯ ಗುಡಿಯಲ್ಲಿ, ಪುರಾಣ ಹೇಳುವ ಮಠದಲ್ಲಿ, ನಾಟಕದ ರಂಗದ ಮಗ್ಗುಲಲ್ಲಿ ನಾವು ಕಾಣುವ ಹಾರ್ಮೋನಿಯಂ, ಎಂದರೆ ನಮ್ಮ ಕಡೆಯ ಪೇಟಿ, ಹೊತ್ತಿರುವ ಕರಿ-ಬಿಳಿ ಪಟ್ಟಿಗಳ ಸಾಲು ಪಿಯಾನೋದಲ್ಲಿರುವ ಸಾಲೇ ಸರಿ. ಹಾಡುವವರು ತಮ್ಮ ಶ್ರುತಿಯನ್ನು 'ಕರಿ ಒಂದು', 'ಬಿಳಿ ಎರಡು' ಎಂದು ಹೇಳುವಾಗ ಯುರೋಪಿನ ಒಂದು ಲೆಕ್ಕಾಚಾರಕ್ಕೆ ತಿಳಿಯದೆಯೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಆ ಲೆಕ್ಕ ಯಾವುದು, ಅದರಿಂದ ನಮ್ಮ ಸಂಗೀತಕ್ಕೆ ಆದ ನಷ್ಟವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಪಿಯಾನೋವನ್ನೇ ನೋಡೋಣ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಿಯು 1700ರ ಹೊತ್ತಿಗೆ ಇದನ್ನು ನಿರ್ಮಿಸಿದ್ದನು. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡಿನಲ್ಲಿ ಪಟ್ಟಿಯನ್ನು ಒತ್ತಿದರೆ ಒಂದು ಕಡ್ಡಿ ತಂತಿಯನ್ನು ಮೀಟುತ್ತಿದ್ದಿತು. ಮೆಲ್ಲನೆ ಒತ್ತಿದರೂ ಜೋರಾಗಿ ಒತ್ತಿದರೂ ನಾದದ ಬಲ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಮೀಟುವ ಕಡ್ಡಿಗೆ ಬದಲಾಗಿ ಬಡಿಯುವ ಸುತ್ತಿಗೆಯನ್ನು ಇಟ್ಟನು. ಸುತ್ತಿಗೆ ತಂತಿಯನ್ನು ಬಡಿದೊಡನೆ ಹಿಂದಕ್ಕೆ ಬೀಳಬೇಕು, ಅಲ್ಲಿಯೇ ನಿಂತರೆ ನಾದ ಸತ್ತುಹೋಗುತ್ತದೆ. ಬೆರಳು ಪಟ್ಟಿಯನ್ನು ಒತ್ತಿಕೊಂಡಿದ್ದರೂ ಸುತ್ತಿಗೆ ಕಳಚಿಕೊಂಡು ಹಿಂದಿರುಗುವ ಯುಕ್ತಿಯೇ ಈ ವಾದ್ಯದ ಜೀವ. 'ಪಿಯಾನೋ' ಎಂದರೆ ಇಟಲಿಯ ಮಾತಿನಲ್ಲಿ ಮೆಲ್ಲಗೆ, 'ಫೋರ್ತೆ' ಎಂದರೆ ಜೋರಾಗಿ. ಎರಡೂ ಕೂಡಿದ ಪಿಯಾನೋಫೋರ್ತೆ ಎಂಬುದೇ ಅದರ ಪೂರ್ಣ ನಾಮ.

ಇಂದಿನ ಪಿಯಾನೋದಲ್ಲಿ ಬಿಳಿಯವು 52, ಕರಿಯವು 36, ಒಟ್ಟು 88 ಪಟ್ಟಿಗಳು. ಕೆಳತುದಿಯ ಸ್ವರಕ್ಕೆ ಸೆಕೆಂಡಿಗೆ 27.5 ಕಂಪನಗಳು, ಮೇಲ್ತುದಿಯದಕ್ಕೆ 4186. ಕಾಲೇಜಿನಲ್ಲಿ ಸೋನೋಮೀಟರಿನ ಮೇಲೆ ಪ್ರಯೋಗ ಮಾಡಿದವರಿಗೆ ಬಿಗುವೂ ದಪ್ಪವೂ ಒಂದೇ ಆಗಿದ್ದರೆ ತಂತಿಯ ಆವೃತ್ತಿಯು ಉದ್ದಕ್ಕೆ ವಿಲೋಮವೆಂಬುದು ತಿಳಿದೇ ಇದೆ. ಮೇಲ್ತುದಿಯ ತಂತಿ 5 ಸೆಂಟಿಮೀಟರ್ ಉದ್ದವೆಂದರೆ ಕೆಳತುದಿಯದು 7.6 ಮೀಟರ್ ಆಗಬೇಕಾದೀತು! ಅಂಥ ವಾದ್ಯವನ್ನು ಯಾವ ಮನೆಯಲ್ಲಿ ಇಡುವುದು? ಆದುದರಿಂದ ಕೆಳಸ್ವರಗಳ ಉಕ್ಕಿನ ತಂತಿಗೆ ತಾಮ್ರದ ತಂತಿಯನ್ನು ಸುತ್ತಿ ಭಾರ ಮಾಡುತ್ತಾರೆ. ಉದ್ದ ಕಡಿಮೆಯಾದರೂ ಕಂಪನ ನಿಧಾನವಾಗಿಯೇ ಉಳಿಯುತ್ತದೆ. ಮೇಲಿನ ಸ್ವರಗಳಿಗೆ ಮೂರು ಮೂರು ತಂತಿಗಳಿರುವುದರಿಂದ ಒಟ್ಟು ಸುಮಾರು 230 ತಂತಿಗಳಾಗುತ್ತವೆ. ದೊಡ್ಡ ಪಿಯಾನೋದಲ್ಲಿ ಅವೆಲ್ಲದರ ಒಟ್ಟು ಸೆಳೆತ ಸುಮಾರು 20 ಟನ್. ಸಿಂಧನೂರಿನ ಭತ್ತದ ವ್ಯಾಪಾರದ ಅಳತೆಯಲ್ಲಿ ಹೇಳುವುದಾದರೆ, 75 ಕಿಲೋದ 260ಕ್ಕೂ ಹೆಚ್ಚು ಚೀಲಗಳ ತೂಕ! ಮರದ ಚೌಕಟ್ಟು ಇದನ್ನು ತಾಳಲಾರದು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಎರಕದ ಕಬ್ಬಿಣದ ಅಖಂಡ ಚೌಕಟ್ಟಿಗೆ ಹಕ್ಕುಪತ್ರ ಪಡೆದ ಮೇಲೆ ಇಷ್ಟು ಬಿಗುವು ಸಾಧ್ಯವಾಯಿತು.

ಕಬ್ಬಿಣ ಸೆಳೆತವನ್ನು ಹೊತ್ತರೂ ನಾದವನ್ನು ಗಾಳಿಗೆ ಒಪ್ಪಿಸುವುದು ತಂತಿಗಳ ಕೆಳಗಿನ ತೆಳುವಾದ ಮರದ ಹಲಗೆ. ಒಣಹವೆಯಲ್ಲಿ ಹಲಗೆ ಕುಗ್ಗಿ ಶ್ರುತಿ ಇಳಿಯುತ್ತದೆ, ತೇವದಲ್ಲಿ ಉಬ್ಬಿ ಏರುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಬೇಸಗೆಯೂ ಅದರ ಬೆನ್ನಿಗೇ ಬರುವ ಮಳೆಗಾಲವೂ ಇಂಥ ವಾದ್ಯಕ್ಕೆ ಹಿತವಲ್ಲ.

ಕರ್ನಾಟಕದಲ್ಲಿ ಪಿಯಾನೋವನ್ನು ಆಳವಾಗಿ ಬಲ್ಲವರೆಂದರೆ ಮೈಸೂರಿನ ಜಯಚಾಮರಾಜ ಒಡೆಯರು (1919–1974). ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಧನಸಹಾಯ ಮಾಡಿದರು. ಆತನು ತನ್ನ ಮೂರನೆಯ ಪಿಯಾನೋ ಕಂಚರ್ಟೊವನ್ನು ಅವರಿಗೇ ಅರ್ಪಿಸಿದನು. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು. ಎರಡು ಪದ್ಧತಿಗಳೂ ಒಂದೇ ಕಿವಿಯಲ್ಲಿ ವಾಸಿಸಬಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಊರುಗಳಿಗೆ ಬಂದದ್ದು ಮಾತ್ರ ಪೇಟಿ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ 1840ರ ಸುಮಾರಿಗೆ ಹಾರ್ಮೋನಿಯಮ್ಮಿಗೆ ಹಕ್ಕುಪತ್ರ ಪಡೆದನು. ಅದನ್ನು ನೆಲದ ಮೇಲೆ ಕುಳಿತು ನುಡಿಸುವಂತೆ ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರದು. ಇದರಲ್ಲಿ ತಂತಿಯಿಲ್ಲ, ಸುತ್ತಿಗೆಯಿಲ್ಲ. ತಿದಿಯ ಗಾಳಿ ಹಿತ್ತಾಳೆಯ ನಾಲಗೆಯನ್ನು ಅದುರಿಸುತ್ತದೆ. ಬಿಸಿಲಿಗೆ ಹಿತ್ತಾಳೆ ಬಹಳ ಹೆದರುವುದಿಲ್ಲ. ಚಕ್ಕಡಿಯಲ್ಲಿ ಹೇರಿದರೂ ಶ್ರುತಿ ಕೆಡದು. ಪಿಯಾನೋದ ನಾದ ಬಡಿದ ಕ್ಷಣದಿಂದಲೇ ಕ್ಷೀಣಿಸಿದರೆ, ಪೇಟಿಯದು ಗಾಳಿ ಇರುವವರೆಗೂ ಕುಂದದೆ ನಿಲ್ಲುತ್ತದೆ. ಈ ಭೇದವನ್ನು ವಾಚಕರು ನೆನಪಿಡಬೇಕು.

ಈಗ ಲೆಕ್ಕ. ಷಡ್ಜಕ್ಕೆ 240 ಕಂಪನಗಳಿದ್ದರೆ ಶುದ್ಧವಾದ ಪಂಚಮಕ್ಕೆ ಅದರ ಒಂದೂವರೆ ಪಟ್ಟು, 360. ಆ ಪಂಚಮಕ್ಕೆ ಮತ್ತೊಂದು ಪಂಚಮ, ಹೀಗೆ 12 ಮೆಟ್ಟಿಲು ಏರಿದರೆ ಏಳು ಸಪ್ತಕಗಳ ಮೇಲಿನ ಷಡ್ಜಕ್ಕೇ ಬಂದು ಸೇರಬೇಕೆಂದು ತೋರುತ್ತದೆ. ಆದರೆ ಒಂದೂವರೆಯನ್ನು 12 ಸಲ ಗುಣಿಸಿದರೆ 129.75, ಎರಡನ್ನು 7 ಸಲ ಗುಣಿಸಿದರೆ 128. ಎರಡೂ ಕೂಡುವುದಿಲ್ಲ. ಯಾವ ಪಟ್ಟಿಯನ್ನು ಷಡ್ಜವೆಂದು ಹಿಡಿದರೂ ಒಂದೇ ಬಗೆಯಾಗಿ ಕೇಳಿಸಬೇಕೆಂದರೆ ಈ ಒಡಕನ್ನು 12 ಸ್ವರಗಳಿಗೂ ಸಮನಾಗಿ ಹಂಚಬೇಕಾಗುತ್ತದೆ. ಹಾಗೆ ಹಂಚಿದಾಗ ಪ್ರತಿ ಪಟ್ಟಿಯೂ ಹಿಂದಿನದರ 1.05946 ಪಟ್ಟಾಗುತ್ತದೆ. ಪಂಚಮ 359.6ಕ್ಕೆ ನಿಲ್ಲುತ್ತದೆ, ಅದು ಕ್ಷಮಿಸಬಹುದಾದ ಕೊರತೆ. ಗಾಂಧಾರದ ಗತಿಯೇ ಬೇರೆ: 300 ಇರಬೇಕಾದದ್ದು 302.4 ಆಗುತ್ತದೆ.

ಇದು ಅಲ್ಪವೆಂದು ತೋರಬಹುದು. ಆದರೆ ತಂಬೂರಿಯ ಷಡ್ಜದ ತಂತಿ 240ರ ಜೊತೆಗೆ 480, 720, 960, 1200 ಎಂಬ ಉಪಸ್ವರಗಳನ್ನೂ ನುಡಿಯುತ್ತದೆ. ಇವುಗಳಲ್ಲಿ 1200 ಶುದ್ಧ ಗಾಂಧಾರವೇ. ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಇದರಿಂದಲೇ. ಪೇಟಿಯ ಗಾಂಧಾರದ ನಾಲ್ಕನೆಯ ಉಪಸ್ವರವಾದರೋ 1209.5. ಎರಡೂ ಕೂಡಿದಾಗ ನಾದ ಸೆಕೆಂಡಿಗೆ ಒಂಬತ್ತು ಹತ್ತು ಸಲ ಏರಿಳಿಯುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ವಿಸ್ಪಂದವೆಂದು ಹೆಸರು. ಪಿಯಾನೋದಲ್ಲಿ ನಾದವೇ ಕ್ಷೀಣಿಸುವುದರಿಂದ ಈ ನಡುಕ ಮರೆಯಾಗುವುದುಂಟು. ಪೇಟಿಯಲ್ಲಿ ಮರೆಯಾಗಲು ಎಡೆಯೇ ಇಲ್ಲ.

1940ರ ಮಾರ್ಚ್ 1ರಿಂದ ಆಕಾಶವಾಣಿಯು ಪೇಟಿಯನ್ನು ಹೊರಗಿಟ್ಟಿತು. 1971ರಲ್ಲಷ್ಟೇ ಆ ನಿಷೇಧ ಸಡಿಲವಾಯಿತು. ಆಕ್ಷೇಪಣೆಗಳು ಮುಖ್ಯವಾಗಿ ಎರಡು: ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು, ಗಮಕಗಳು ಅದರಲ್ಲಿ ಬಾರವು, ಅದರ ಸ್ವರಸ್ಥಾನಗಳು ನಮ್ಮವಲ್ಲ. ಮೊದಲನೆಯದಕ್ಕೆ ಉತ್ತರವಿಲ್ಲ, ಅದು ಪಟ್ಟಿಗಳ ಹುಟ್ಟುಗುಣ. ಎರಡನೆಯದು ವಾದ್ಯದ ದೋಷವಲ್ಲ, ಶ್ರುತಿ ಮಾಡುವವನ ಆಯ್ಕೆ ಎಂದು ನಾವು ಭಾವಿಸುತ್ತೇವೆ. ನಾಲಗೆಯ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಒಂದೇ ಷಡ್ಜಕ್ಕೆ ಹಾಡುವ ಗಾಯಕನಿಗೆ ಗಾಂಧಾರವನ್ನು 300ಕ್ಕೆ ಇಳಿಸಿಕೊಡಬಹುದು. ಆದರೆ ನಾಟಕದ ಪೇಟಿ ಮಾಸ್ತರರು ಒಂದೇ ರಾತ್ರಿಯಲ್ಲಿ ಗಂಡು ಪಾತ್ರಕ್ಕೊಂದು, ಹೆಣ್ಣು ಪಾತ್ರಕ್ಕೊಂದು ಷಡ್ಜವನ್ನು ಕೊಡಬೇಕು. ಅವರಿಗೆ ಸಮಭಾಗದ ಶ್ರುತಿಯೇ ಅನುಕೂಲ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು (1917–2010) ಇದೇ ಪೇಟಿಯಲ್ಲಿ ಸ್ವತಂತ್ರವಾಗಿ ರಾಗಗಳನ್ನು ನುಡಿಸಿ ಕೇಳುವವರನ್ನು ಒಲಿಸಿಕೊಂಡರೆಂಬುದನ್ನೂ ಮರೆಯುವಂತಿಲ್ಲ. ಇಂದಿನ ಹಲವು ವಿದ್ಯುತ್ ಕೀಬೋರ್ಡುಗಳಲ್ಲಂತೂ ಯಾವ ನಾಲಗೆಯನ್ನೂ ಕೆರೆಯದೆ ಗಾಂಧಾರವೊಂದನ್ನೇ ಇಳಿಸುವ ಸೌಕರ್ಯವಿದೆ. ಬಳಸುವವರು ಮಾತ್ರ ಕಡಿಮೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಊರಿನ ಭಜನೆಯ ಪೇಟಿಯನ್ನು ಕೇಳಿ ತನ್ನಿ. ಎರಡು ಸಾಲು ನಾಲಗೆಗಳಿದ್ದರೆ ಒಂದನ್ನು ಮುಚ್ಚಿರಿ. ಸೆಕೆಂಡಿಗೆ ಸುಮಾರು 130 ಕಂಪನಗಳ ಮಂದ್ರದ 'ಬಿಳಿ ಒಂದ'ನ್ನು ಷಡ್ಜವೆಂದು ಹಿಡಿದು, ಅದರೊಡನೆ ಪಂಚಮವಾದ 'ಬಿಳಿ ಐದ'ನ್ನು ಒತ್ತಿ, ತಿದಿಯನ್ನು ಒಂದೇ ಸಮನೆ ಆಡಿಸಿರಿ: ಎರಡು ಸೆಕೆಂಡಿಗೊಮ್ಮೆ ನಾದ ನಿಧಾನವಾಗಿ ಉಬ್ಬಿ ಇಳಿಯುತ್ತದೆ. ಪಂಚಮವನ್ನು ಬಿಟ್ಟು ಗಾಂಧಾರವಾದ 'ಬಿಳಿ ಮೂರ'ನ್ನು ಒತ್ತಿರಿ. ಸೆಕೆಂಡಿಗೆ ಐದರಂತೆ ನಡುಕ ಬಂದರೆ ಆ ಪೇಟಿ ಪಿಯಾನೋದ ಕ್ರಮದಲ್ಲಿದೆ. ನಡುಕ ಬಹಳ ನಿಧಾನವಾಗಿದ್ದರೆ ಅಥವಾ ಇಲ್ಲವೇ ಇಲ್ಲವೆಂದರೆ, ಯಾರೋ ಒಬ್ಬ ಕಿವಿಯುಳ್ಳ ಕುಶಲಿ ಅದರ ಗಾಂಧಾರವನ್ನು ಮೊದಲೇ ಕೆರೆದು ಸರಿಮಾಡಿದ್ದಾನೆ.